ಬೈಪೋಲಾರ್ ಅಸ್ವಸ್ಥತೆ: ಸಮಸ್ಥಿತಿಯ ದಿನಗಳಲ್ಲಿ ಮಾಡಿಟ್ಟುಕೊಳ್ಳಬೇಕಾದ ಕೆಲಸ

ಬೈಪೋಲಾರ್ ಅಸ್ವಸ್ಥತೆ ಇರುವವರ ಬದುಕನ್ನು ದೂರದಿಂದ ನೋಡುವವರಿಗೆ ಅಲ್ಲಿ ಎರಡೇ ಸ್ಥಿತಿಗಳು ಕಾಣುತ್ತವೆ: ಒಂದು ಉನ್ಮಾದ, ಇನ್ನೊಂದು ಖಿನ್ನತೆ. ಆದರೆ ಇವೆರಡರ ನಡುವೆ ವಾರಗಟ್ಟಲೆ, ತಿಂಗಳುಗಟ್ಟಲೆ, ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಹಬ್ಬಿರುವ ಮೂರನೆಯ ಕಾಲವೊಂದಿದೆ. ಆ ಕಾಲದಲ್ಲಿ ಅವರು ಎಲ್ಲರಂತೆ ನಿದ್ರಿಸುತ್ತಾರೆ, ದುಡಿಯುತ್ತಾರೆ, ಮುನಿಸಿಕೊಂಡು ರಾಜಿಯಾಗುತ್ತಾರೆ, ನಾಳೆಯ ಬಗ್ಗೆ ಯೋಚಿಸುತ್ತಾರೆ. ಕಾಯಿಲೆಯ ನಿರ್ವಹಣೆಯ ಬಹುಪಾಲು ಕೆಲಸ ನಡೆಯಬೇಕಾದದ್ದು ಈ ಮೂರನೆಯ ಕಾಲದಲ್ಲಿಯೇ. ಉನ್ಮಾದ ಏರಿದಾಗ ತನಗೆ ಸಹಾಯ ಬೇಕು ಎಂದು ವ್ಯಕ್ತಿಗೆ ಅನ್ನಿಸುವುದಿಲ್ಲ. ಖಿನ್ನತೆ ಕವಿದಾಗ ಸಹಾಯ ಕೇಳುವ ತ್ರಾಣವೇ ಉಳಿದಿರುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟ ಹಾಗಾಗಬಾರದು ಎಂಬ ಒಂದೇ ಕಾಳಜಿಯಿಂದ ಈ ಬರಹವನ್ನು ಬರೆಯುತ್ತಿದ್ದೇನೆ. ಇದು ಕಾಯಿಲೆ ಇರುವವರಿಗೂ ಅವರೊಂದಿಗೆ ಬಾಳುವವರಿಗೂ ಸೇರಿದ್ದು.

ಏನು ಈ ಕಾಯಿಲೆ, ಏನು ಅಲ್ಲ

ಬೆಳಿಗ್ಗೆ ಸಿಡುಕಿ ಸಂಜೆ ನಗುವವರನ್ನು ಕಂಡು "ಬೈಪೋಲಾರ್" ಎಂದು ಹೇಳುವ ರೂಢಿ ಈಚೆಗೆ ಬೆಳೆದಿದೆ. ಅದು ತಪ್ಪು ಬಳಕೆ ಮಾತ್ರವಲ್ಲ, ನಿಜವಾದ ಕಾಯಿಲೆಯನ್ನು ಗುರುತಿಸದಂತೆ ಮಾಡುವ ಬಳಕೆಯೂ ಹೌದು. ಗಂಟೆಗೊಮ್ಮೆ ಬದಲಾಗುವ ಮನಸ್ಸು ಮನುಷ್ಯ ಸಹಜವಾದದ್ದು. ಬೈಪೋಲಾರ್ ಅಸ್ವಸ್ಥತೆಯಲ್ಲಿ ಬದಲಾಗುವುದು ಕೇವಲ ಮನಸ್ಸಿನ ಭಾವವಲ್ಲ. ನಿದ್ರೆ, ಶಕ್ತಿ, ಮಾತಿನ ವೇಗ, ಯೋಚನೆಯ ವೇಗ, ಹಣದ ಬಳಕೆ, ಲೈಂಗಿಕ ಆಸಕ್ತಿ, ತನ್ನ ಬಗ್ಗೆ ತನಗಿರುವ ಅಂದಾಜು, ಇವೆಲ್ಲವೂ ಒಟ್ಟಾಗಿ, ಒಂದೇ ದಿಕ್ಕಿನಲ್ಲಿ ಬದಲಾಗಿ, ದಿನಗಟ್ಟಲೆ ಹಾಗೆಯೇ ನಿಲ್ಲುತ್ತವೆ. ಇಂಥ ಒಂದೊಂದು ಅವಧಿಯನ್ನು ವೈದ್ಯರು ಎಪಿಸೋಡ್ ಎಂದು ಕರೆಯುತ್ತಾರೆ. ಉನ್ಮಾದದ ಎಪಿಸೋಡ್ ಎಂದು ಹೇಳಬೇಕಾದರೆ ಲಕ್ಷಣಗಳು ಕನಿಷ್ಠ 7 ದಿನ ಇರಬೇಕು, ಅಥವಾ ಅಷ್ಟರೊಳಗೇ ಆಸ್ಪತ್ರೆಗೆ ಸೇರಿಸಬೇಕಾದಷ್ಟು ತೀವ್ರವಾಗಿರಬೇಕು. ಅದರ ಸೌಮ್ಯ ರೂಪವಾದ ಲಘು ಉನ್ಮಾದಕ್ಕೆ ಕನಿಷ್ಠ 4 ದಿನ, ಖಿನ್ನತೆಗೆ ಕನಿಷ್ಠ 2 ವಾರ ಎಂಬುದು ರೋಗನಿರ್ಣಯದ ಅಳತೆ.

ಪೂರ್ಣ ಪ್ರಮಾಣದ ಉನ್ಮಾದ ಒಮ್ಮೆಯಾದರೂ ಬಂದಿದ್ದರೆ ಅದನ್ನು ಬೈಪೋಲಾರ್ 1 ಎನ್ನುತ್ತಾರೆ. ಲಘು ಉನ್ಮಾದವೂ ದೊಡ್ಡ ಖಿನ್ನತೆಯೂ ಬಂದಿದ್ದು, ಪೂರ್ಣ ಉನ್ಮಾದ ಎಂದೂ ಬಂದಿಲ್ಲದಿದ್ದರೆ ಅದು ಬೈಪೋಲಾರ್ 2. ಎರಡನೆಯದು ಮೊದಲನೆಯದಕ್ಕಿಂತ "ಹಗುರ" ಎಂಬ ಮಾತು ಸರಿಯಲ್ಲ. ಬೈಪೋಲಾರ್ 2 ಇರುವವರು ಖಿನ್ನತೆಯಲ್ಲಿ ಕಳೆಯುವ ಕಾಲ ತುಂಬ ದೀರ್ಘವಾದದ್ದು, ಅದರಿಂದಾಗುವ ನಷ್ಟವೂ ಅಷ್ಟೇ ದೊಡ್ಡದು. ಒಂದು ವರ್ಷದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಎಪಿಸೋಡ್‌ಗಳು ಬಂದರೆ ಅದಕ್ಕೆ ಕ್ಷಿಪ್ರ ಆವರ್ತನ ಎಂಬ ಹೆಸರಿದೆ. ಇನ್ನೊಂದು ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಅದನ್ನು ಜನ ಗುರುತಿಸುವುದು ಕಡಿಮೆ: ಉನ್ಮಾದದ ಚುರುಕೂ ಖಿನ್ನತೆಯ ಕತ್ತಲೂ ಏಕಕಾಲಕ್ಕೆ ಇರುವ ಮಿಶ್ರ ಸ್ಥಿತಿ. ಮನಸ್ಸು ಸಾಯಬೇಕೆನ್ನುತ್ತಿರುವಾಗ ಮೈ ಕೂತಲ್ಲಿ ಕೂರಲು ಬಿಡದಷ್ಟು ಚಡಪಡಿಸುತ್ತಿರುತ್ತದೆ. ಈ ಕಾಯಿಲೆಯಲ್ಲಿ ಅತ್ಯಂತ ಅಪಾಯದ ಹೊತ್ತು ಇದೇ.

ಉನ್ಮಾದ ಎಂದರೆ ಸಂತೋಷ ಎಂದು ತಿಳಿದವರು ಅನೇಕರು. ಕೆಲವರಲ್ಲಿ ಅದು ಹಿಗ್ಗಿನ ರೂಪದಲ್ಲಿ ಬರುವುದು ನಿಜ. ಆದರೆ ಬಹಳಷ್ಟು ಜನರಲ್ಲಿ ಅದು ಕೋಪವಾಗಿ, ಯಾರ ಮಾತೂ ಸಹಿಸದ ಅಸಹನೆಯಾಗಿ, ಎಲ್ಲರೂ ತನ್ನನ್ನು ತಡೆಯುತ್ತಿದ್ದಾರೆ ಎಂಬ ಅನುಮಾನವಾಗಿ ಕಾಣಿಸಿಕೊಳ್ಳುತ್ತದೆ. ತೀವ್ರವಾದಾಗ ಇಲ್ಲದ ದನಿ ಕೇಳಿಸಬಹುದು, ತನಗೆ ವಿಶೇಷ ಶಕ್ತಿ ಬಂದಿದೆ ಎಂಬ ಅಲುಗದ ನಂಬಿಕೆ ಹುಟ್ಟಬಹುದು. ಲಘು ಉನ್ಮಾದವಾದರೋ ಒಳ್ಳೆಯ ದಿನಗಳ ವೇಷ ಹಾಕಿಕೊಂಡು ಬರುತ್ತದೆ: ಕೆಲಸ ಸರಸರನೆ ಸಾಗುತ್ತದೆ, ಮಾತು ಮೋಹಕವಾಗುತ್ತದೆ, ಮೂರು ಗಂಟೆ ಮಲಗಿ ಎದ್ದರೂ ಆಯಾಸವಿರುವುದಿಲ್ಲ. ನಿದ್ರಾಹೀನತೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಡಬೇಕು. ನಿದ್ರೆ ಬಾರದವರು ಮರುದಿನ ಬಳಲುತ್ತಾರೆ. ಉನ್ಮಾದದ ಕಡೆಗೆ ಏರುತ್ತಿರುವವರಿಗೆ ನಿದ್ರೆಯ ಅಗತ್ಯವೇ ಕಡಿಮೆಯಾಗಿರುತ್ತದೆ.

ಇದು ಹೊಸ ಕಾಲದ ಕಾಯಿಲೆಯಲ್ಲ. 1850ರ ದಶಕದಲ್ಲಿಯೇ ಫ್ರಾನ್ಸಿನ ವೈದ್ಯ ಜ್ಯಾಂ ಪಿಯೆರ್ ಫಾಲ್ರೆ ಏರು, ಇಳಿತ ಮತ್ತು ನಡುವಿನ ನೆಮ್ಮದಿ ಒಂದರ ಹಿಂದೊಂದು ಸುತ್ತಿ ಬರುವುದನ್ನು ವಿವರಿಸಿದ್ದರು. 1899ರಲ್ಲಿ ಜರ್ಮನಿಯ ಎಮಿಲ್ ಕ್ರೆಪೆಲಿನ್ ಇದನ್ನು ಇತರ ತೀವ್ರ ಮನೋರೋಗಗಳಿಂದ ಬೇರ್ಪಡಿಸಿದಾಗ ಅವರು ಆಧಾರ ಮಾಡಿಕೊಂಡ ಸಂಗತಿಗಳಲ್ಲಿ ಒಂದು, ಈ ರೋಗಿಗಳು ಎಪಿಸೋಡ್‌ಗಳ ನಡುವೆ ಚೇತರಿಸಿಕೊಳ್ಳುತ್ತಾರೆ ಎಂಬುದು. ಅಂದರೆ ಆ ನಡುವಣ ಕಾಲ ಈ ಕಾಯಿಲೆಯ ಗುರುತಿನಲ್ಲಿಯೇ ಸೇರಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಇದರೊಂದಿಗೆ ಬದುಕುತ್ತಿದ್ದರು. ಹೆಚ್ಚಿನವರಲ್ಲಿ ಹದಿಹರೆಯದ ಕೊನೆ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಮೊದಲ ಲಕ್ಷಣಗಳು ತೋರುತ್ತವೆ. ವಂಶವಾಹಿಗಳ ಪಾತ್ರ ದೊಡ್ಡದೇ. ಆದರೂ ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ಇದು ಬರುವುದಿಲ್ಲ. ಸ್ವಭಾವದ ದೌರ್ಬಲ್ಯದಿಂದಾಗಲಿ ಬೆಳೆಸಿದ ರೀತಿಯಿಂದಾಗಲಿ ಇದು ಹುಟ್ಟುವುದಿಲ್ಲ.

ವೈದ್ಯರ ಬಳಿ ಹೇಳಬೇಕಾದದ್ದು

ಜನ ವೈದ್ಯರ ಬಳಿಗೆ ಹೋಗುವುದು ಸಾಮಾನ್ಯವಾಗಿ ಖಿನ್ನತೆಯಲ್ಲಿರುವಾಗ. ಆಗ ಅವರ ನೆನಪಿನಲ್ಲಿ ಬರೀ ಕತ್ತಲಿರುತ್ತದೆ. ಎರಡು ವರ್ಷದ ಹಿಂದೆ ಹತ್ತು ದಿನ ಮಲಗದೆ ಹೊಸ ಉದ್ಯಮದ ಯೋಜನೆ ಬರೆದದ್ದು, ಸಾಲ ಮಾಡಿ ಬೇಡದ್ದನ್ನು ಕೊಂಡದ್ದು ಕಾಯಿಲೆಯ ಭಾಗವಾಗಿ ನೆನಪಿಗೆ ಬರುವುದೇ ಇಲ್ಲ. ಹೀಗಾಗಿ ಸಾಮಾನ್ಯ ಖಿನ್ನತೆ ಎಂದು ಚಿಕಿತ್ಸೆ ಆರಂಭವಾಗಿ, ಸರಿಯಾದ ರೋಗನಿರ್ಣಯಕ್ಕೆ ವರ್ಷಗಳೇ ಹಿಡಿಯುವುದು ಸಾಮಾನ್ಯ. ಇದು ಬರೀ ಹೆಸರಿನ ಪ್ರಶ್ನೆಯಲ್ಲ. ಖಿನ್ನತೆ ನಿವಾರಕ ಔಷಧವನ್ನು ಒಂಟಿಯಾಗಿ ಕೊಟ್ಟರೆ ಕೆಲವರಲ್ಲಿ ಅದು ಉನ್ಮಾದವನ್ನು ಕೆರಳಿಸುತ್ತದೆ, ಇಲ್ಲವೇ ಎಪಿಸೋಡ್‌ಗಳ ನಡುವಿನ ಅಂತರವನ್ನು ಕಿರಿದಾಗಿಸುತ್ತದೆ.

ಆದ್ದರಿಂದ ಮೊದಲ ಭೇಟಿಗೆ ಮುನ್ನ ಒಂದು ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಅದನ್ನು ಸಾಧಾರಣ ಮನಸ್ಥಿತಿ ಎಂದು ಭಾವಿಸಿ, ಹದಿನೈದನೆಯ ವಯಸ್ಸಿನಿಂದ ಇಂದಿನವರೆಗಿನ ಏರುಗಳನ್ನು ಗೆರೆಯ ಮೇಲೂ ಇಳಿತಗಳನ್ನು ಕೆಳಗೂ ಗುರುತಿಸಿಕೊಳ್ಳಿ. ಪರೀಕ್ಷೆ, ಕೆಲಸ ಬಿಟ್ಟದ್ದು, ಹೆರಿಗೆ, ಸಾವು, ದೂರ ಪ್ರಯಾಣ, ಆಗ ಸೇವಿಸುತ್ತಿದ್ದ ಔಷಧ ಅಥವಾ ಮದ್ಯ, ಇವನ್ನು ಅದರ ಪಕ್ಕದಲ್ಲಿ ಬರೆಯಿರಿ. ನಿಮ್ಮನ್ನು ಹತ್ತಿರದಿಂದ ಕಂಡ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ; ಲಘು ಉನ್ಮಾದ ಒಳಗಿದ್ದವರಿಗಿಂತ ಪಕ್ಕದಲ್ಲಿದ್ದವರಿಗೆ ಹೆಚ್ಚು ನೆನಪಿರುತ್ತದೆ. ಹತ್ತಿರದ ಸಂಬಂಧಿಗಳಲ್ಲಿ ಯಾರಿಗಾದರೂ ಇಂಥ ಕಾಯಿಲೆ, ಆತ್ಮಹತ್ಯೆ, ಅಥವಾ ಲಿಥಿಯಂ ಚಿಕಿತ್ಸೆಯ ಇತಿಹಾಸವಿದ್ದರೆ ಮುಚ್ಚಿಡದೆ ಹೇಳಿ. ಬೈಪೋಲಾರ್ ಇದೆಯೆಂದು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ವೈದ್ಯರು ರಕ್ತ ಪರೀಕ್ಷೆ ಮಾಡಿಸುವುದು ಥೈರಾಯ್ಡ್ ತೊಂದರೆಯಂಥ ಬೇರೆ ಕಾರಣಗಳನ್ನು ತಳ್ಳಿಹಾಕಲು ಮತ್ತು ಔಷಧಕ್ಕೆ ಮುನ್ನ ಮೈಯ ಸ್ಥಿತಿ ತಿಳಿಯಲು. ಸ್ಟೆರಾಯ್ಡ್ ಮಾತ್ರೆಗಳು ಮತ್ತು ಕೆಲವು ಮಾದಕ ವಸ್ತುಗಳು ಉನ್ಮಾದದಂಥದ್ದೇ ಸ್ಥಿತಿಯನ್ನು ತರಬಲ್ಲವು ಎಂಬುದೂ ಗೊತ್ತಿರಲಿ.

ಔಷಧದೊಂದಿಗೆ ಬಾಳುವುದು

ಔಷಧದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನ ಮರುಕಳಿಕೆಗಳ ಹಿಂದೆ ನಿಂತುಹೋದ ಮಾತ್ರೆಯ ಕಥೆಯೊಂದು ಇರುತ್ತದೆ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಹತ್ತು ಮಂದಿ ಉನ್ಮಾದ ರೋಗಿಗಳಿಗೆ ಲಿಥಿಯಂ ಲವಣವನ್ನು ಕೊಟ್ಟು ಅವರಲ್ಲಿ ಕಂಡ ಬದಲಾವಣೆಯನ್ನು ಪ್ರಕಟಿಸಿದರು. ಮುಂದೆ ಡೆನ್ಮಾರ್ಕಿನ ಮೊಗೆನ್ಸ್ ಷೌ ಮತ್ತು ಸಂಗಡಿಗರು ಅದರ ಗುಣವನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದರು. ಮುಕ್ಕಾಲು ಶತಮಾನ ಕಳೆದ ಮೇಲೂ ಮರುಕಳಿಕೆಯನ್ನು ತಡೆಯುವಲ್ಲಿ ಲಿಥಿಯಂಗೆ ಮೊದಲ ಸಾಲಿನ ಸ್ಥಾನವಿದೆ, ಮತ್ತು ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ ಎಂಬುದಕ್ಕೆ ಬೇರಾವ ಮನಸ್ಥಿತಿ ಸ್ಥಿರಕಕ್ಕೂ ಇಲ್ಲದಷ್ಟು ಆಧಾರ ಅದಕ್ಕಿದೆ.

ಆದರೆ ಲಿಥಿಯಂನ ಗುಣಕಾರಿ ಪ್ರಮಾಣಕ್ಕೂ ವಿಷಕಾರಿ ಪ್ರಮಾಣಕ್ಕೂ ನಡುವಿನ ಅಂತರ ಕಿರಿದು. ದೀರ್ಘಕಾಲದ ಚಿಕಿತ್ಸೆಯಲ್ಲಿ ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ, 1.5 ದಾಟಿದರೆ ವಿಷವೇರಿಕೆಯ ಲಕ್ಷಣಗಳು ತೋರುವುದು ಸಾಮಾನ್ಯ, ವಯಸ್ಸಾದವರಲ್ಲಿ ಅದಕ್ಕಿಂತ ಕೆಳಗೂ ತೋರಬಹುದು. ರಕ್ತವನ್ನು ಕೊನೆಯ ಮಾತ್ರೆ ನುಂಗಿದ ಸುಮಾರು 12 ಗಂಟೆಗಳ ನಂತರ ಕೊಡಬೇಕು. ಆದ್ದರಿಂದ ರಾತ್ರಿ ಮಾತ್ರೆ ತೆಗೆದುಕೊಳ್ಳುವವರು ಬೆಳಿಗ್ಗೆ ರಕ್ತ ಕೊಟ್ಟು, ಬೆಳಗಿನ ಮಾತ್ರೆಯೂ ಇದ್ದರೆ ಅದನ್ನು ಆ ನಂತರವೇ ನುಂಗಬೇಕು. ಮಾತ್ರೆ ನುಂಗಿ ಕೊಟ್ಟ ರಕ್ತದ ವರದಿ ದಾರಿ ತಪ್ಪಿಸುತ್ತದೆ. ಮೂತ್ರಪಿಂಡ, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಪರೀಕ್ಷೆಗಳನ್ನು ಆರು ತಿಂಗಳಿಗೊಮ್ಮೆಯಾದರೂ ಮಾಡಿಸುತ್ತಿರಬೇಕು.

ಲಿಥಿಯಂ ಸೇವಿಸುವವರು ನೀರು ಮತ್ತು ಉಪ್ಪಿನ ವಿಷಯದಲ್ಲಿ ಏಕರೀತಿಯಾಗಿರಬೇಕು. ವಾಂತಿ ಭೇದಿಯಾದಾಗ, ಜ್ವರದಲ್ಲಿ, ವಿಪರೀತ ಬೆವರಿದಾಗ, ಇದ್ದಕ್ಕಿದ್ದಂತೆ ಉಪ್ಪು ಬಿಟ್ಟಾಗ, ನೀರೂ ಕುಡಿಯದೆ ಉಪವಾಸವಿದ್ದಾಗ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂಥ ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು ಕೂಡ ಅದನ್ನು ಏರಿಸುತ್ತವೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಹಲ್ಲಿನ ವೈದ್ಯರಿರಲಿ, ಮೂಳೆ ವೈದ್ಯರಿರಲಿ, ಹೊಸ ಔಷಧ ಬರೆಯುವ ಪ್ರತಿಯೊಬ್ಬರಿಗೂ "ನಾನು ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ" ಎಂಬುದು ನಿಮ್ಮ ಮೊದಲ ವಾಕ್ಯವಾಗಲಿ. ಬೆರಳು ಸಣ್ಣಗೆ ನಡುಗುವುದು ಅನೇಕರಿಗೆ ಇರುವ ಸಾಮಾನ್ಯ ಅಡ್ಡಪರಿಣಾಮ. ಆದರೆ ಕೈ ದೊಡ್ಡದಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿ, ಭೇದಿ, ಮಂಕು ಕವಿಯುವುದು ಕಂಡರೆ ಮುಂದಿನ ಮಾತ್ರೆಯನ್ನು ತಡೆಹಿಡಿದು ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗಬೇಕು.

ಲಿಥಿಯಂ ಒಂದೇ ದಾರಿಯಲ್ಲ. ವಾಲ್‌ಪ್ರೊಯೇಟ್ ಉನ್ಮಾದದಲ್ಲಿ ಉಪಯುಕ್ತ. ಲ್ಯಾಮೊಟ್ರಿಜಿನ್ ಮುಖ್ಯವಾಗಿ ಖಿನ್ನತೆ ಮರಳದಂತೆ ತಡೆಯುತ್ತದೆ. ಅದನ್ನು ಅಲ್ಪ ಪ್ರಮಾಣದಿಂದ ಆರಂಭಿಸಿ ವಾರಗಟ್ಟಲೆ ನಿಧಾನವಾಗಿ ಏರಿಸುವುದಕ್ಕೆ ಕಾರಣವಿದೆ, ಅವಸರ ಮಾಡಿದರೆ ಪ್ರಾಣಕ್ಕೇ ಎರವಾಗಬಲ್ಲ ಚರ್ಮದ ಪ್ರತಿಕ್ರಿಯೆಯ ಅಪಾಯ ಹೆಚ್ಚುತ್ತದೆ. ಹೊಸ ದದ್ದು ಕಂಡರೆ ಅಂದೇ ವೈದ್ಯರಿಗೆ ತೋರಿಸಿ; ಹಲವು ದಿನ ಮಾತ್ರೆ ತಪ್ಪಿದ್ದರೆ ಹಳೆಯ ಪ್ರಮಾಣಕ್ಕೆ ನೇರವಾಗಿ ಮರಳದೆ ಅವರನ್ನು ಕೇಳಿ. ಕ್ವೆಟಿಯಾಪಿನ್, ಒಲಾಂಜಪಿನ್‌ನಂಥ ಔಷಧಗಳು ಬೇಗ ಗುಣ ತೋರುತ್ತವೆ, ಆದರೆ ತೂಕ ಮತ್ತು ಸಕ್ಕರೆ ಏರಬಹುದಾದ್ದರಿಂದ ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬಿನ ಪರೀಕ್ಷೆಗಳನ್ನು ಮರೆಯಬಾರದು. ಔಷಧ ಕೈಕೊಟ್ಟ ತೀವ್ರ ಸ್ಥಿತಿಗಳಲ್ಲಿ, ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ ಜೀವ ಉಳಿಸುತ್ತದೆ. ಅದರ ಬಗ್ಗೆ ಸಮಾಜದಲ್ಲಿರುವ ಭಯ ಹಳೆಯ ಕಾಲದ್ದು.

ಮಾತ್ರೆ ಬಿಡಬೇಕೆಂಬ ಆಸೆ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಚೆನ್ನಾಗಿದ್ದೇನೆ ಎಂದು ಬಿಡುವವರಿದ್ದಾರೆ, ಬುದ್ಧಿ ಮಂದವಾಯಿತು ಎಂದು ಬಿಡುವವರಿದ್ದಾರೆ, ಆ ಹಳೆಯ ಹುರುಪು ಬೇಕು ಎಂದು ಬಿಡುವವರೂ ಇದ್ದಾರೆ. ಈ ಮೂರೂ ಕಾರಣಗಳಿಗೆ ನಾನು ಗೌರವ ಕೊಡುತ್ತೇನೆ. ಅವು ಸೋಮಾರಿತನವೂ ಅಲ್ಲ, ಮೊಂಡುತನವೂ ಅಲ್ಲ. ಆದರೆ ಆಸೆ ಬಂದ ದಿನ ಮಾತ್ರೆಯನ್ನು ನಿಲ್ಲಿಸಬೇಡಿ, ವೈದ್ಯರ ಭೇಟಿಯನ್ನು ನಿಗದಿ ಮಾಡಿ. ಪ್ರಮಾಣ ತಗ್ಗಿಸುವುದು, ಹೊತ್ತು ಬದಲಿಸುವುದು, ಬೇರೆ ಔಷಧಕ್ಕೆ ದಾಟುವುದು ಸಾಧ್ಯವಿದೆ. ಲಿಥಿಯಂ ಅನ್ನು ಏಕಾಏಕಿ ಬಿಟ್ಟವರಲ್ಲಿ ಉನ್ಮಾದ ಬೇಗ ಮರಳುತ್ತದೆ. ಬಿಡಲೇಬೇಕಾದಾಗಲೂ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ಹಿಡಿದು ಇಳಿಸುತ್ತಾರೆ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.

ಗರ್ಭ ಧರಿಸಬಹುದಾದ ವಯಸ್ಸಿನ ಮಹಿಳೆಯರು ಈ ಮಾತನ್ನು ಆರಂಭದಲ್ಲಿಯೇ ಎತ್ತಬೇಕು. ಗರ್ಭದಲ್ಲಿ ವಾಲ್‌ಪ್ರೊಯೇಟ್‌ಗೆ ಒಡ್ಡಿಕೊಂಡ ಮಕ್ಕಳಲ್ಲಿ ಸುಮಾರು 10ರಲ್ಲಿ ಒಂದಕ್ಕೆ ಹುಟ್ಟು ದೋಷಗಳೂ, ಸುಮಾರು 30ರಿಂದ 40 ಶೇಕಡಾ ಮಕ್ಕಳಲ್ಲಿ ಬೆಳವಣಿಗೆಯ ತೊಂದರೆಗಳೂ ಕಂಡುಬಂದಿವೆ. ಆದ್ದರಿಂದ ಬೇರೆ ದಾರಿಯಿರುವಾಗ ಅವರಿಗೆ ಅದನ್ನು ಕೊಡುವುದಿಲ್ಲ. ಈ ಕಾಯಿಲೆಗೆ ಕೊಡುವ ಇನ್ನೊಂದು ಔಷಧವಾದ ಕಾರ್ಬಮಜೆಪಿನ್ ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ. ಹಾಗೆಂದು ಗರ್ಭ ನಿಂತ ಸುದ್ದಿ ಕೇಳಿ ಗಾಬರಿಯಿಂದ ಎಲ್ಲ ಔಷಧ ಬಿಡುವುದೂ ಅಪಾಯ. ಹೆರಿಗೆಯ ನಂತರದ ಮೊದಲ ಕೆಲವು ವಾರಗಳು ಈ ಕಾಯಿಲೆ ಇರುವ ತಾಯಂದಿರಿಗೆ ಅತಿ ಸೂಕ್ಷ್ಮವಾದ ಕಾಲ. ಬೈಪೋಲಾರ್ 1 ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆಗ ತೀವ್ರ ಎಪಿಸೋಡ್ ಬರುತ್ತದೆ. ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ತಾಯಿಗೆ ನಿದ್ರೆ ಹೇಗೆ ಸಿಗುತ್ತದೆ ಎಂಬುದನ್ನು ಹೆರಿಗೆಗೆ ಮುಂಚೆಯೇ ಗೊತ್ತುಮಾಡಿ ಬರೆದಿಟ್ಟುಕೊಳ್ಳಬೇಕು.

ನಿದ್ರೆ ಮತ್ತು ದಿನದ ಲಯ

ಔಷಧದ ನಂತರ ನನ್ನ ಪಟ್ಟಿಯಲ್ಲಿ ಬರುವುದು ನಿದ್ರೆ. ಉಳಿದೆಲ್ಲವೂ ಅದರ ಆಮೇಲೆ. ನಿದ್ರೆ ಕಡಿಮೆಯಾಗುವುದು ಉನ್ಮಾದದ ಲಕ್ಷಣವೂ ಹೌದು, ಅದನ್ನು ಹೊತ್ತಿಸುವ ಕಿಡಿಯೂ ಹೌದು. ಮದುವೆ ಮನೆಯ ಎರಡು ರಾತ್ರಿಗಳ ಎಚ್ಚರ, ಪರೀಕ್ಷೆಯ ಹಿಂದಿನ ವಾರ, ರಾತ್ರಿ ಪಾಳಿ, ಹಲವು ಕಾಲವಲಯಗಳನ್ನು ದಾಟುವ ವಿಮಾನ ಪ್ರಯಾಣ, ಇವೆಲ್ಲ ಇತರರಿಗೆ ಬರೀ ದಣಿವು ತರುವಂಥವು. ಈ ಕಾಯಿಲೆ ಇರುವವರಿಗೆ ಇವು ಎಪಿಸೋಡ್‌ನ ಬಾಗಿಲು ತೆರೆಯಬಲ್ಲವು. ಆದ್ದರಿಂದ ರಾತ್ರಿ ಪಾಳಿ ಬೇಡವೆಂದು ಕೇಳುವುದನ್ನು ಹಿಂಜರಿಕೆಯಿಲ್ಲದೆ ಮಾಡಿ, ವೈದ್ಯರಿಂದ ಪತ್ರ ಬೇಕಾದರೆ ಪಡೆದುಕೊಳ್ಳಿ.

ದೈನಂದಿನ ಲಯವನ್ನೇ ಆಧಾರವಾಗಿಟ್ಟುಕೊಂಡ ಮನೋಚಿಕಿತ್ಸೆಯೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ಫ್ರ್ಯಾಂಕ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಅದರಲ್ಲಿ ದಿನದ ಐದು ಹೊತ್ತುಗಳನ್ನು ಗುರುತು ಹಾಕಿಕೊಳ್ಳುತ್ತಾರೆ: ಹಾಸಿಗೆ ಬಿಟ್ಟದ್ದು, ಮೊದಲ ಬಾರಿಗೆ ಇನ್ನೊಬ್ಬರೊಡನೆ ಮಾತಾಡಿದ್ದು, ಕೆಲಸ ಅಥವಾ ಓದು ಆರಂಭಿಸಿದ್ದು, ರಾತ್ರಿಯ ಊಟ, ಮಲಗಿದ್ದು. ಈ ಐದೂ ವಾರದ ಏಳು ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆಯುವಂತೆ ನಿಧಾನವಾಗಿ ಒಗ್ಗಿಸಿಕೊಳ್ಳುವುದು ಅದರ ತಿರುಳು. ಎಲ್ಲವನ್ನೂ ಒಟ್ಟಿಗೆ ಹಿಡಿಯಲಾಗದಿದ್ದರೆ ಏಳುವ ಹೊತ್ತನ್ನು ಮೊದಲು ಹಿಡಿಯಿರಿ. ಯಾವಾಗ ನಿದ್ರೆ ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲ, ಯಾವಾಗ ಏಳುತ್ತೇವೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಮದ್ಯ ನಿದ್ರೆ ತರಿಸಿದಂತೆ ತೋರಿದರೂ ಅದನ್ನು ಒಡೆಯುತ್ತದೆ, ಔಷಧದೊಂದಿಗೆ ಕೂಡಿಕೊಂಡು ಬೇರೆ ಕೆಡುಕನ್ನೂ ತರುತ್ತದೆ. ಮಧ್ಯಾಹ್ನದ ನಂತರ ಕಾಫಿ, ಚಹಾ ಕಡಿಮೆ ಮಾಡುವುದು ಒಳ್ಳೆಯದು.

ಮನಸ್ಥಿತಿಯ ದಿನಚರಿ ಮತ್ತು ಮುನ್ಸೂಚನೆಗಳು

ಪ್ರತಿ ರಾತ್ರಿ ಎರಡು ನಿಮಿಷ ಸಾಕು. ಮೈನಸ್ 5ರಿಂದ ಪ್ಲಸ್ 5ರವರೆಗಿನ ಅಳತೆಯಲ್ಲಿ ಇಂದಿನ ಮನಸ್ಥಿತಿ, ಎಷ್ಟು ಗಂಟೆ ನಿದ್ರೆ, ಮಾತ್ರೆ ತೆಗೆದುಕೊಂಡೆನೋ ಇಲ್ಲವೋ, ದಿನದ ಒಂದು ವಿಶೇಷ ಸಂಗತಿ; ಮಹಿಳೆಯರು ಮುಟ್ಟಿನ ದಿನವನ್ನೂ ಗುರುತಿಸಬಹುದು. ಇದಕ್ಕಿಂತ ಹೆಚ್ಚು ಬರೆಯಲು ಹೊರಟವರು ಮೂರನೆಯ ವಾರಕ್ಕೆ ನಿಲ್ಲಿಸಿಬಿಡುತ್ತಾರೆ. ಮೂರು ತಿಂಗಳ ಪಟ್ಟಿಯನ್ನು ಎದುರಿಗಿಟ್ಟು ವೈದ್ಯರೊಡನೆ ಕೂತರೆ, "ಹೇಗಿದ್ದೀರಿ" ಎಂಬ ಪ್ರಶ್ನೆಗೆ ಆ ದಿನದ ಮನಸ್ಸು ಕೊಡುವ ಉತ್ತರಕ್ಕಿಂತ ನಂಬಲರ್ಹವಾದ ಉತ್ತರ ಅಲ್ಲಿರುತ್ತದೆ.

ಇದರೊಂದಿಗೆ ನಿಮ್ಮ ಮುನ್ಸೂಚನೆಗಳ ಪಟ್ಟಿ ಬೇಕು. "ಉತ್ಸಾಹ ಹೆಚ್ಚುವುದು" ಎಂಬಂಥ ಪುಸ್ತಕದ ಮಾತು ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಉತ್ಸಾಹ ಒಳ್ಳೆಯ ಸುದ್ದಿ ಬಂದಾಗಲೂ ಹೆಚ್ಚುತ್ತದೆ. ಕಣ್ಣಿಗೆ ಕಾಣುವಂಥ, ಎಣಿಸಬಹುದಾದಂಥ ಗುರುತುಗಳನ್ನು ಬರೆಯಿರಿ: ಬೆಳಗಿನ ನಾಲ್ಕಕ್ಕೆ ಎದ್ದು ಮನೆ ತೊಳೆಯುವುದು, ವರ್ಷಗಳಿಂದ ಮಾತಾಡದ ಗೆಳೆಯರಿಗೆ ಒಂದೇ ರಾತ್ರಿ ಸಂದೇಶ ಕಳಿಸುವುದು, ಒಮ್ಮೆಗೇ ನಾಲ್ಕು ಪುಸ್ತಕ ಓದಲು ತೊಡಗುವುದು, ಬಣ್ಣಗಳು ಎಂದಿಗಿಂತ ಕಡುವಾಗಿ ಕಾಣುವುದು, ವಾಹನದ ವೇಗ ಏರುವುದು. ಇಳಿತಕ್ಕೂ ಗುರುತುಗಳಿವೆ: ಫೋನ್ ಬಂದರೂ ಎತ್ತದಿರುವುದು, ಸ್ನಾನ ಮುಂದೂಡುವುದು, ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು. ಒಬ್ಬೊಬ್ಬರ ಪಟ್ಟಿಯೂ ಬೇರೆ. ಆದರೆ ಒಬ್ಬರದೇ ಪಟ್ಟಿ ಪ್ರತಿ ಎಪಿಸೋಡ್‌ನಲ್ಲೂ ಬೆರಗು ಹುಟ್ಟಿಸುವಷ್ಟು ಒಂದೇ ತೆರನಾಗಿರುತ್ತದೆ. ಮನೆಯವರಿಂದಲೂ ಪ್ರತ್ಯೇಕವಾಗಿ ಒಂದು ಪಟ್ಟಿ ಬರೆಸಿ ಎರಡನ್ನೂ ಹೋಲಿಸಿ. ಅವರು ಕಂಡದ್ದು ನಿಮಗೆ ಕಾಣದ್ದಾಗಿರುವುದೇ ಹೆಚ್ಚು.

ಮುಂಚಿತವಾಗಿ ಬರೆದಿಟ್ಟ ಒಪ್ಪಂದ

ಈಗ ಮುಖ್ಯ ಕೆಲಸಕ್ಕೆ ಬರುತ್ತೇನೆ. ಸಮಸ್ಥಿತಿಯಲ್ಲಿರುವಾಗ, ನೀವು ನಂಬುವ ಒಬ್ಬಿಬ್ಬರೊಡನೆ ಕೂತು, ಒಂದು ಪುಟದ ಒಪ್ಪಂದವನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಮನೆಯವರ ಆಜ್ಞೆಯಾಗದೆ, ಆರೋಗ್ಯದಿಂದಿರುವ ನೀವು ಕಾಯಿಲೆಯಲ್ಲಿರುವ ನಿಮಗೆ ಬರೆದ ಪತ್ರದಂತೆ ಅದು ಇರಲಿ.

ಅದರಲ್ಲಿ ಮೆಟ್ಟಿಲುಗಳಿರಬೇಕು. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ಮಲಗಿಯೂ ದಣಿವಿಲ್ಲದಿದ್ದರೆ, ಅಥವಾ ಪಟ್ಟಿಯ ಮೂರು ಗುರುತುಗಳು ಕಂಡರೆ, ಆ ದಿನವೇ ವೈದ್ಯರಿಗೆ ಫೋನ್. ಇಂಥ ಸಂದರ್ಭದಲ್ಲಿ ಯಾವ ಮಾತ್ರೆಯನ್ನು ಎಷ್ಟು ಹೆಚ್ಚಿಸಬಹುದು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಬಹುದು. ಸಂಜೆಯ ಕಾರ್ಯಕ್ರಮಗಳೆಲ್ಲ ರದ್ದು, ದೀಪಗಳು ಮಂದ, ಫೋನ್ ಬೇರೆ ಕೋಣೆಯಲ್ಲಿ. ಮುಂದಿನ ಮೆಟ್ಟಿಲಲ್ಲಿ ಹಣ ಮತ್ತು ವಾಹನ. ಉನ್ಮಾದ ಇಳಿದ ಮೇಲೂ ವರ್ಷಗಟ್ಟಲೆ ಉಳಿಯುವ ಗಾಯಗಳಲ್ಲಿ ಸಾಲ ದೊಡ್ಡದು. ದಿನಕ್ಕೆ ಇಂತಿಷ್ಟೇ ತೆಗೆಯಬಹುದೆಂಬ ಮಿತಿಯನ್ನು ಬ್ಯಾಂಕ್ ಖಾತೆಗೆ ಈಗಲೇ ಹಾಕಿಸಿ. ಉಳಿತಾಯವನ್ನು ಇನ್ನೊಬ್ಬರ ಸಹಿಯೂ ಬೇಕಾಗುವ ಖಾತೆಯಲ್ಲಿಡಿ. ಫೋನಿನಲ್ಲಿ ಉಳಿಸಿಟ್ಟ ಕಾರ್ಡ್ ವಿವರಗಳನ್ನು ಅಳಿಸಿ. ಕಾರ್ಡನ್ನೂ ವಾಹನದ ಕೀಲಿಯನ್ನೂ ಯಾರ ಕೈಗೆ ಕೊಡುತ್ತೀರಿ ಎಂದು ಹೆಸರು ಬರೆಯಿರಿ. ದೊಡ್ಡ ಖರೀದಿ, ರಾಜೀನಾಮೆ, ವಿಚ್ಛೇದನ, ಹೊಸ ಪಾಲುದಾರಿಕೆ, ಇಂಥ ಯಾವ ನಿರ್ಧಾರವನ್ನೂ ಎರಡು ರಾತ್ರಿ ಪೂರ್ತಿ ಮಲಗದೆ, ಇಬ್ಬರೊಡನೆ ಮಾತಾಡದೆ ತೆಗೆದುಕೊಳ್ಳುವುದಿಲ್ಲ ಎಂಬ ನಿಯಮ ಸರಳವಾದರೂ ಬಹಳ ಮಂದಿಯನ್ನು ಕಾದಿದೆ.

ಕೊನೆಯ ಮೆಟ್ಟಿಲು ಆಸ್ಪತ್ರೆ. ಯಾವ ಸ್ಥಿತಿಯಲ್ಲಿ ನಿಮ್ಮನ್ನು ಸೇರಿಸಬೇಕು, ಯಾರು ನಿಮ್ಮ ಪರವಾಗಿ ಮಾತಾಡಬೇಕು, ಯಾವ ಔಷಧ ನಿಮಗೆ ಒಗ್ಗಿದೆ, ಯಾವುದು ಒಗ್ಗಿಲ್ಲ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಕಚೇರಿಗೆ ಯಾರು ಏನೆಂದು ತಿಳಿಸುತ್ತಾರೆ, ಯಾರಿಗೆ ತಿಳಿಯಕೂಡದು, ಎಲ್ಲವನ್ನೂ ಬರೆಯಿರಿ. ಇಂಥ ಮುಂಗಡ ಸೂಚನೆಗೆ ಕಾನೂನಿನ ಮಾನ್ಯತೆ ಇರುವ ದೇಶಗಳಿವೆ. ನಿಮ್ಮಲ್ಲಿ ಅದಕ್ಕೆ ನಿಗದಿತ ನಮೂನೆ ಇದ್ದರೆ ಅದರಲ್ಲಿಯೇ ಬರೆಸಿ. ಒಪ್ಪಂದಕ್ಕೆ ಎಲ್ಲರೂ ಸಹಿ ಹಾಕಲಿ, ಪ್ರತಿಯೊಬ್ಬರ ಬಳಿ ಒಂದು ಪ್ರತಿ ಇರಲಿ.

ಜೊತೆಗಿರುವವರಿಗೆ

ಉನ್ಮಾದದಲ್ಲಿರುವವರೊಡನೆ ವಾದ ಮಾಡಿ ಗೆದ್ದವರಿಲ್ಲ. ದನಿ ತಗ್ಗಿಸಿ, ವಾಕ್ಯ ಚಿಕ್ಕದಾಗಿಸಿ, ನೆಂಟರನ್ನೆಲ್ಲ ಸೇರಿಸಿ ಬುದ್ಧಿ ಹೇಳಿಸುವುದನ್ನು ಬಿಡಿ. "ನಿನಗೆ ಹುಚ್ಚು ಹಿಡಿದಿದೆ" ಎನ್ನುವ ಬದಲು "ಮೂರು ರಾತ್ರಿಯಿಂದ ನೀನು ಮಲಗಿಲ್ಲ, ನಾವಿಬ್ಬರೂ ಬರೆದ ಹಾಳೆಯಲ್ಲಿ ಇದೇ ಮೊದಲ ಗುರುತು" ಎಂದು ಹೇಳುವುದಕ್ಕೆ ಸಾಧ್ಯವಾಗಲೆಂದೇ ಆ ಒಪ್ಪಂದ. ಇನ್ನೊಂದು ಕಡೆ, ಅವರು ನಕ್ಕಾಗಲೆಲ್ಲ, ಸಿಟ್ಟಾದಾಗಲೆಲ್ಲ "ಮಾತ್ರೆ ತಗೊಂಡೆಯಾ" ಎಂದು ಕೇಳುವ ಅಭ್ಯಾಸ ಬೇಡ. ಕಾಯಿಲೆ ಇರುವವರಿಗೂ ನ್ಯಾಯವಾದ ಕೋಪವಿರುತ್ತದೆ. ಸದಾ ಅನುಮಾನದ ಕಣ್ಣಿನಡಿ ಬದುಕುವುದು ಎಷ್ಟು ಅವಮಾನಕರ ಎಂಬುದನ್ನು ಮನೆಯವರು ಒಮ್ಮೆ ಕಲ್ಪಿಸಿಕೊಳ್ಳಬೇಕು. ಮನೆಯಲ್ಲಿ ಟೀಕೆ, ಜಗಳ ಹೆಚ್ಚಿದ್ದಲ್ಲಿ ಮರುಕಳಿಕೆ ಹೆಚ್ಚು ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇಡೀ ಕುಟುಂಬವನ್ನು ಕೂರಿಸಿ ಕಾಯಿಲೆಯ ಅರಿವನ್ನೂ ಮಾತಾಡುವ ರೀತಿಯನ್ನೂ ಕಲಿಸುವ ಚಿಕಿತ್ಸೆ ಹುಟ್ಟಿದ್ದು ಅದರಿಂದಲೇ. ದೈಹಿಕ ಅಪಾಯ ಎದುರಾದರೆ ಮಾತ್ರ ಹಿಂದುಮುಂದು ನೋಡದೆ ತುರ್ತು ಸೇವೆಯನ್ನು ಕರೆಯಬೇಕು.

ಖಿನ್ನತೆಯಲ್ಲಿ ಮನೆಯವರ ಕೆಲಸ ತದ್ವಿರುದ್ಧ. ಅಲ್ಲಿ ತಡೆಯಬೇಕಾದದ್ದು ಏನೂ ಇರುವುದಿಲ್ಲ, ಹೊತ್ತು ನಡೆಸಬೇಕಾದದ್ದು ಇರುತ್ತದೆ. "ಮನಸ್ಸು ಗಟ್ಟಿ ಮಾಡಿಕೋ" ಎಂಬ ಮಾತು ಗಾಯದ ಮೇಲೆ ಬರೆ. ಜೊತೆಯಲ್ಲಿ ಹತ್ತು ನಿಮಿಷ ನಡೆಯಲು ಕರೆಯಿರಿ, ಕಿಟಕಿ ತೆರೆಯಿರಿ, ಏಳುವ ಹೊತ್ತಿಗೆ ಎಬ್ಬಿಸಿ, ಮಾತ್ರೆಯನ್ನು ನೀರಿನೊಂದಿಗೆ ಕೈಗಿಡಿ. ಕೆಲಸಗಳನ್ನು ಪಾತ್ರೆ ತೊಳೆಯುವಷ್ಟು, ಒಂದು ಪತ್ರಕ್ಕೆ ಉತ್ತರಿಸುವಷ್ಟು ಚಿಕ್ಕದಾಗಿ ಒಡೆಯಿರಿ.

ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯ ಜನರಿಗಿಂತ ಹಲವು ಪಟ್ಟು ಹೆಚ್ಚು. "ಸಾಯಬೇಕು ಅನ್ನಿಸುತ್ತಿದೆಯಾ" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಯಲ್ಲಿ ಹುಟ್ಟುತ್ತದೆ ಎಂಬ ಭಯ ಆಧಾರವಿಲ್ಲದ್ದು. ಕೇಳಿಸಿಕೊಂಡವರಿಗೆ ಹೆಚ್ಚಿನ ಸಲ ಅದರಿಂದ ಎದೆ ಹಗುರವಾಗುತ್ತದೆ. ಹೌದು ಎಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆಗಳನ್ನೂ ಅಪಾಯಕಾರಿ ವಸ್ತುಗಳನ್ನೂ ಕೈಗೆ ಸಿಗದಂತೆ ಮಾಡಿ, ಅಂದೇ ವೈದ್ಯರನ್ನು, ಸಹಾಯವಾಣಿಯನ್ನು ಅಥವಾ ತುರ್ತು ವಿಭಾಗವನ್ನು ಸಂಪರ್ಕಿಸಿ. ಅಪಾಯದ ಕಾಲದಲ್ಲಿ ವಾರಕ್ಕೆ ಬೇಕಾದಷ್ಟೇ ಮಾತ್ರೆ ಕೊಡುವಂತೆ ವೈದ್ಯರನ್ನು ಕೇಳಬಹುದು. ನೀವೇ ಆ ಕತ್ತಲಲ್ಲಿದ್ದು ಇದನ್ನು ಓದುತ್ತಿದ್ದರೆ, ಮುಂದಿನ ಸಾಲಿಗೆ ಹೋಗುವ ಮುನ್ನ ಒಬ್ಬರಿಗೆ ಫೋನ್ ಮಾಡಿ. ಹೇಳಲು ಮಾತು ಸಿಗದಿದ್ದರೆ "ನನ್ನ ಹತ್ತಿರ ಬಾ" ಎಂಬಷ್ಟು ಸಾಕು.

ಎಪಿಸೋಡ್ ಮುಗಿದ ಮೇಲೆ

ಉನ್ಮಾದ ಇಳಿದ ಮೇಲಿನ ವಾರಗಳು ನಾಚಿಕೆಯ ವಾರಗಳು. ಯಾರಿಗೆ ಏನೆಂದೆ, ಎಷ್ಟು ಖರ್ಚು ಮಾಡಿದೆ, ಯಾರ ಮುಂದೆ ಹೇಗೆ ನಡೆದುಕೊಂಡೆ ಎಂಬುದೆಲ್ಲ ಒಂದೊಂದಾಗಿ ನೆನಪಾಗುತ್ತದೆ, ಹಿಂದೆಯೇ ಖಿನ್ನತೆಯೂ ಬರುವುದುಂಟು. ಆಗ ಎಲ್ಲರಿಗೂ ಒಟ್ಟಿಗೆ ಕ್ಷಮೆ ಕೇಳಲು ಹೊರಡಬೇಡಿ. ಮೊದಲು ನಿದ್ರೆ ಸರಿಯಾಗಲಿ. ಆಮೇಲೆ, ನಿಜವಾಗಿ ನೋಯಿಸಿದ ಕೆಲವರಿಗೆ, ಕಾಯಿಲೆಯನ್ನು ನೆಪವಾಗಿಯೂ ಮಾಡದೆ ಮುಚ್ಚಿಯೂ ಇಡದೆ ಹೇಳಿ: "ಆಗ ನನಗೆ ಹುಷಾರಿರಲಿಲ್ಲ, ನಿನಗಾದ ನೋವು ಮಾತ್ರ ನಿಜ, ಅದಕ್ಕೆ ವಿಷಾದವಿದೆ." ಸಾಲಗಳ ಪಟ್ಟಿ ಮಾಡಿ, ಹಿಂದಿರುಗಿಸಬಹುದಾದ ವಸ್ತುಗಳನ್ನು ಹಿಂದಿರುಗಿಸಿ. ಕೆಲಸಕ್ಕೆ ಅರ್ಧ ದಿನದಂತೆ ಮರಳಲು ಅವಕಾಶವಿದ್ದರೆ ಅದನ್ನು ಬಳಸಿಕೊಳ್ಳಿ. ಏಕಾಗ್ರತೆ ಮರಳಲು ಮನಸ್ಥಿತಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಒಂದು ತಿಂಗಳಾದ ಮೇಲೆ ಮತ್ತೆ ಆ ಒಬ್ಬಿಬ್ಬರೊಡನೆ ಕೂತು ಹಳೆಯ ಹಾಳೆಯನ್ನು ತೆಗೆಯಿರಿ. ಮೊದಲು ಬದಲಾದದ್ದು ಯಾವುದು, ಯಾರು ಅದನ್ನು ಕಂಡರು, ಕಂಡೂ ಏಕೆ ಸುಮ್ಮನಾದರು, ಯಾವ ಮೆಟ್ಟಿಲು ಕೆಲಸ ಮಾಡಿತು, ಯಾವುದು ಕಾಗದದ ಮೇಲೆಯೇ ಉಳಿಯಿತು ಎಂದು ದಿನಚರಿಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಎರಡು ರಾತ್ರಿ ಕಾಯುವುದು ತಡವಾಯಿತೆಂದು ತೋರಿದರೆ ಅದನ್ನು ಒಂದು ರಾತ್ರಿ ಎಂದು ತಿದ್ದಿ. ಕಾರ್ಡ್ ಕೊಡಬೇಕಾದ ವ್ಯಕ್ತಿ ದೂರದಲ್ಲಿದ್ದರೆಂದಾದರೆ ಹತ್ತಿರದವರ ಹೆಸರು ಬರೆಯಿರಿ. ಹೊಸ ದಿನಾಂಕ ಹಾಕಿ, ಎಲ್ಲರಿಂದಲೂ ಮತ್ತೆ ಸಹಿ ಪಡೆದು, ಹಳೆಯ ಪ್ರತಿಗಳನ್ನು ಹರಿದುಹಾಕಿ.